ಭಾಷಣದ ಫೈಲಿನಲ್ಲೊಂದು ಚೀಟಿ

ಜೂನ್ 2, ಸೋಮವಾರ

ಮತ್ತೆ ಭಾಷಣಕಾರರನ್ನು ಒದಗಿಸುವ ಏಜೆನ್ಸಿಯ ಹುಡುಗಿಯ ಫೋನ್. ನಾಲ್ಕನೇ ಸಲ. "ಮೇಡಮ್, ನಮ್ಮ ಹತ್ರ ಎಲ್ಲಾ ಥರದ ಸ್ಪೀಕರ್‌ಗಳಿದ್ದಾರೆ. ನಗಿಸೋರು ಬೇಕಾ, ಅಳಿಸೋರು ಬೇಕಾ?" ಬಟ್ಟೆ ಅಂಗಡಿಯಲ್ಲಿ ಕೇಳಿದ ಹಾಗೆ.

ಸಾಹೇಬರಿಗೆ ಮೂವರ ಫೋಟೊ ತೋರಿಸಿದೆ. ಬೆಟ್ಟ ಹತ್ತಲು ಹೋಗಿ ಹಿಮದಲ್ಲಿ ಕಾಲ್ಬೆರಳು ಕಳೆದುಕೊಂಡವನನ್ನು ಆರಿಸಿದರು. ಇಪ್ಪತ್ತಕ್ಕೆ ಕಾರ್ಖಾನೆಯ ಸುರಕ್ಷತಾ ಸಭೆ. ನಮ್ಮ ಈ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲೇ ಕೈಬೆರಳು ಕಳೆದುಕೊಂಡವರು ನಾಲ್ವರಿದ್ದಾರೆ. ಅವರಿಗೆ ಯಾರೂ ಮೈಕ್ ಕೊಟ್ಟಿಲ್ಲ. ನನಗ್ಯಾಕೆ ಬೇಕು, ಆಫೀಸ್ ನೋಡಿಕೊಳ್ಳುವವಳು ನಾನು.

ಜೂನ್ 4, ಬುಧವಾರ

ಏಜೆನ್ಸಿಯಿಂದ ಫಾರ್ಮ್ ಬಂತು. ಹದಿನಾರು ಪ್ರಶ್ನೆ. ಪೊಲೀಸರೂ ಇಷ್ಟು ಕೇಳುವುದಿಲ್ಲ! ಹನ್ನೊಂದನೆಯದು — ಎಲ್ಲರಿಗೂ ಬೇಕಾದ ಕೆಲಸಗಾರ ಯಾರು? ಭಾಷಣಕಾರರು ಅವರನ್ನು ಎಬ್ಬಿಸಿ ಮಾತಾಡಿಸುತ್ತಾರಂತೆ.

ಯೋಚಿಸಬೇಕಾಗಿಯೇ ಇರಲಿಲ್ಲ. ಶಿಳ್ಳೆ. ರಟ್ಟು ಕತ್ತರಿಸುವ ಮೂರನೇ ಪ್ರೆಸ್ಸಿನವನು. ಬೆಳಗಿನಿಂದ ಸಂಜೆಯತನಕ ಶಿಳ್ಳೆ ಹೊಡೆಯುತ್ತಾನೆ, ಒಂದಾದರೂ ರಾಗಕ್ಕೆ ಹತ್ತಬೇಕಲ್ಲ. ಅರ್ಧ ಪುಟ ಬರೆದೆ. ಬರೆಯುತ್ತ ನಗು ಬಂತು.

ಅಷ್ಟರಲ್ಲಿ ಅವನೇ ಬಂದ. ನಿನಗೆ ನೂರು ವರ್ಷ ಆಯಸ್ಸು ಕಣೋ ಅಂದೆ. ಎಲ್ಲರಿಗೂ ನಾನು ಮೇಡಮ್, ಅವನಿಗೆ ಮಾತ್ರ ಅಕ್ಕ.

"ಅಕ್ಕಾ, ಪ್ರೆಸ್ಸಿನ ಗೇಟು ತೆಗೆದ್ರೂ ಮೆಷಿನ್ ನಿಲ್ತಿಲ್ಲ. ಸೂಪರ್‌ವೈಸರ್ ರಜೆ. ಬರ್ಕೊಟ್ಟಿದೀನಿ, ರಿಪೇರಿಯವ್ರಿಗೆ ಕಳಿಸಿಬಿಡಿ."

"ನಾಳೆ ಕಳಿಸ್ತೀನಿ. ಈ ಫಾರ್ಮ್ ಒಂದು ಮುಗೀಲಿ."

ಚೀಟಿಯನ್ನು ಭಾಷಣದ ಫೈಲಿನೊಳಗೆ ಸಿಕ್ಕಿಸಿದೆ.

ಜೂನ್ 9, ಸೋಮವಾರ

ಹೋಟೆಲ್ ರೂಮ್, ಕಾರು, ಕಾಲರ್ ಮೈಕ್. ಭಾಷಣಕಾರ ತಣ್ಣೀರು ಮುಟ್ಟುವುದಿಲ್ಲವಂತೆ, ಹಿಮದ ನೆನಪಾಗುತ್ತದಂತೆ. ತಲೆ ಚಿಟ್ಟು ಹಿಡಿದುಹೋಯಿತು.

ಶಿಳ್ಳೆ ಬಾಗಿಲಲ್ಲಿ ಇಣುಕಿದ. "ನಿನ್ನೆ ಮೆಕ್ಯಾನಿಕ್ ಬಂದಿದ್ರಂತಲ್ಲ ಅಕ್ಕಾ, ನನ್ನ ಗೇಟು ಸರಿಯಾಯ್ತಾ?" ಕಿವಿಯಲ್ಲಿ ಏಜೆನ್ಸಿ ಹುಡುಗಿಯ ಫೋನ್. ಹ್ಞೂಂ ಅಂದು ಕೈಬೀಸಿ ಕಳಿಸಿದೆ.

ಏನೋ ಮರೆತಿದ್ದೇನೆ...

ಜೂನ್ 12, ಗುರುವಾರ

ಶಿಳ್ಳೆ ಹೋದ.

ಜೂನ್ 16, ಸೋಮವಾರ

ಬರೆಯಲು ಕೈ ಏಳುತ್ತಿಲ್ಲ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಸಿಕ್ಕಿಕೊಂಡ ರಟ್ಟು ತೆಗೆಯಲು ಗೇಟು ತೆರೆದು ಒಳಗೆ ಬಗ್ಗಿದ್ದಾನೆ. ಮೆಷಿನ್ ನಿಲ್ಲಲಿಲ್ಲ. ಸರಿಯಾಗಿದೆ ಅಂದುಕೊಂಡಿದ್ದ. ನಾನು ಹ್ಞೂಂ ಅಂದಿದ್ದೆನಲ್ಲ.

ಸಾಹೇಬರು ಕರೆದು ಕೇಳಿದರು. "ಅವನು ದೂರು ಗೀರು ಏನಾದ್ರೂ ಕೊಟ್ಟಿದ್ನೇನ್ರೀ?"

"ಇಲ್ಲ ಸಾರ್."

ಬಾಯಿಂದ ಬಂದೇಬಿಟ್ಟಿತು. "ಹಾಗಾದ್ರೆ ಅವನದೇ ನಿರ್ಲಕ್ಷ್ಯ ಅಂತ ವರದಿ ಮಾಡಿ." ನಾನೇ ಟೈಪ್ ಮಾಡಿದೆ. ಒಂದು ಅಕ್ಷರವೂ ತಪ್ಪಲಿಲ್ಲ.

ಭಾಷಣ ಬೇಡ ಸಾರ್ ಅಂದೆ. ಈಗಲೇ ಅದು ಬೇಕಾಗಿರುವುದು ಅಂದರು. ಅವನ ಹೆಂಡತಿಯನ್ನೂ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಬೇಕಂತೆ.

ಏಜೆನ್ಸಿಗೆ ಸುದ್ದಿ ತಿಳಿಸಿ ಹನ್ನೊಂದನೇ ಉತ್ತರ ಬದಲಿಸಬೇಕು. ಆ ಫೈಲು ಮುಟ್ಟಲು ಧೈರ್ಯವಿಲ್ಲ. ಚೀಟಿ ಅದರೊಳಗಿದೆ.

ಜೂನ್ 20, ಶುಕ್ರವಾರ, ಸಂಜೆ

ತಿಳಿಸಲಿಲ್ಲ. ದೇವರೇ, ತಿಳಿಸಲೇ ಇಲ್ಲ.

ಭಾಷಣಕಾರ ಚೆನ್ನಾಗಿಯೇ ಮಾತಾಡುತ್ತಿದ್ದ. ಬೆಟ್ಟ, ಹಗ್ಗ, ಬೆರಳು. ಆಮೇಲೆ ಜೇಬಿನಿಂದ ಕಾಗದ ತೆಗೆದ. ನನ್ನ ಅರ್ಧ ಪುಟ.

"ಮೂರನೇ ಪ್ರೆಸ್ಸಿನ ಶಿಳ್ಳೆ ಎಲ್ಲಿ ಸ್ವಾಮಿ? ಇವರ ರಾಗ ಕೇಳಿ ಮೆಷಿನ್ನೇ ಕಿವಿ ಮುಚ್ಕೊಳ್ಳುತ್ತಂತೆ! ಎದ್ದೇಳಿ, ಒಂದು ಶಿಳ್ಳೆ ಆಗ್ಲಿ!"

ಎಲ್ಲರೂ ತಲೆ ತಗ್ಗಿಸಿದರು. ನಾಚಿಕೆ ಅಂದುಕೊಂಡನೇನೋ. ಇನ್ನೊಂದು ಸಲ ಕೂಗಿದ, ತಾನೇ ಚಪ್ಪಾಳೆ ತಟ್ಟಿದ.

ಮುಂದಿನ ಸಾಲಿನಲ್ಲಿ ಅವಳು ಎದ್ದು ನಿಂತಳು.

"ಅವರಿಲ್ಲ. ಹೋದವಾರ ಅದೇ ಪ್ರೆಸ್ಸಿಗೆ ಸಿಕ್ಕಿದ್ರು. ನಾನು ಅವರ ಹೆಂಡತಿ."

ಬೆಟ್ಟ ಹತ್ತಿದವನು ಕಾಗದ ಮಡಚಿ ಜೇಬಿಗೆ ಹಾಕಿಕೊಂಡ. ಅವನದೇನು ತಪ್ಪು, ಪಾಪ. ಕೊಟ್ಟಿದ್ದನ್ನು ಓದಿದ.

ಸಭೆ ಮುಗಿದ ಮೇಲೆ ಅವಳು ನೆಟ್ಟಗೆ ನನ್ನ ಹತ್ತಿರವೇ ಬಂದಳು. ಬೈಯಲಿ ಎಂದು ನಿಂತೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೈ ಹಿಡಿದುಕೊಂಡಳು.

"ಅವರು ಯಾವಾಗ್ಲೂ ಅಕ್ಕ ಅಕ್ಕ ಅಂತಿದ್ದದ್ದು ನಿಮ್ಮನ್ನೇ ಅಲ್ವಾ? ಇವತ್ತು ಓದಿದ್ದನ್ನ ಬರ್ದವರೂ ನೀವಂತೆ. ಎಷ್ಟು ಸರಿಯಾಗಿ ಬರ್ದಿದೀರ..." ಹಿಡಿದ ಕೈ ಬಿಡಲಿಲ್ಲ. "ಇನ್ನೊಂದು ಕಾಗದ ಬಂತು ಅಕ್ಕಾ, ಅವರದೇ ತಪ್ಪು ಅಂತ. ಹೌದಾ ಅಮ್ಮಾ ಅಂತ ಮಗಳು ದಿನಾ ಕೇಳ್ತಾಳೆ. ಅದನ್ನ ಬರ್ದವರು ಯಾರು?"

ಗೊತ್ತಿಲ್ಲಮ್ಮಾ ಅಂದೆ.

ಥೂ, ನನ್ನ ಜನ್ಮಕ್ಕಿಷ್ಟು.

ಜೂನ್ 23, ಸೋಮವಾರ, ಬೆಳಿಗ್ಗೆ 9.40

ಫೈಲು ತೆರೆದೆ. ಚೀಟಿ ಅಲ್ಲೇ ಇತ್ತು, ಹನ್ನೊಂದನೇ ಪ್ರಶ್ನೆಯ ಪುಟದ ನಕಲಿಗೆ ಒತ್ತಿಕೊಂಡು. ದುಂಡಗಿನ ಅಕ್ಷರ. ತಾರೀಕು, ಸಹಿ ಎರಡೂ ಇವೆ. ಕೊನೆಯಲ್ಲಿ — ದಯವಿಟ್ಟು ಬೇಗ.

ಹತ್ತಕ್ಕೆ ಸರ್ಕಾರಿ ತನಿಖೆಯವರು ಬರುತ್ತಾರೆ. "ಕೇಳಿದ್ದಕ್ಕಷ್ಟೇ ಉತ್ತರ ಕೊಡಿ" ಎಂದು ಸಾಹೇಬರ ಅಪ್ಪಣೆಯಾಗಿದೆ. ಏಜೆನ್ಸಿ ಹುಡುಗಿಯ ಮೆಸೇಜ್: ಭಾಷಣಕ್ಕೆ ಐದರಲ್ಲಿ ಎಷ್ಟು ಸ್ಟಾರ್ ಕೊಡ್ತೀರಾ ಮೇಡಮ್?

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದು. ಬಂದರು.

ಚೀಟಿ ಕೈಯಲ್ಲೇ ಇದೆ. ಕೇಳಿದರೆ ಕೊಡುತ್ತೇನೆ. ಕೇಳದಿದ್ದರೂ ಕೊಡುತ್ತೇನೆ. ಆ ವರದಿ ಬರೆದವಳು ನಾನೇ ಅಂತ ಹೇಳುತ್ತೇನೆ. ಗೇಟು ಸರಿಯಾಯ್ತಾ ಅಕ್ಕಾ ಅಂದಾಗ ಹ್ಞೂಂ ಅಂದವಳೂ—