ಉಸಿರು ಬಿಡಬೇಡ

ಬುಧವಾರ, ಮಧ್ಯಾಹ್ನ ಒಂದೂ ಹತ್ತು
ಕಚೇರಿಯ ಮೂರನೇ ಮಹಡಿ, ಕಿಟಕಿಯಿಲ್ಲದ ಮೂಲೆ

ಫೋನೆತ್ತದ ಅಕ್ಕನಿಗೆ, ಫೋನೆತ್ತುವುದೇ ಹೊಟ್ಟೆಪಾಡಾದ ತಂಗಿಯ ನಮಸ್ಕಾರಗಳು.

ಮೊದಲು ಕೆಲಸದ ಮಾತು. ಈ ಕಾಗದ ಕೈಗೆ ಬಂದ ಕೂಡಲೇ, ಮುಂದಿನದನ್ನು ಓದದೆ, ಮನೆಗೆ ಹೋಗು. ಪುಟ್ಟಿ ಮೂರಕ್ಕೆ ಶಾಲೆಯಿಂದ ಬಂದು ಮಲಗುವ ಹೊತ್ತಿಗೆ ನೀನು ಪಕ್ಕದಲ್ಲಿರಬೇಕು. ಅವಳ ರಕ್ತದ ಸಕ್ಕರೆ ಇಳಿದರೆ ಅದನ್ನು ಅಳೆಯುವ ಯಂತ್ರ ಮನೆಯಲ್ಲಿ ಕೂಗಿಕೊಳ್ಳುತ್ತದೆ, ನಿನ್ನ ಫೋನಿಗೆ ಮಾತ್ರ ಕೇಳಿಸುವುದಿಲ್ಲ. ಯಾಕೆಂದರೆ ನಿನ್ನ ಮನೆಯ ಇಂಟರ್‌ನೆಟ್ ಲೈನು ನಿನ್ನೆ ಸಂಜೆ ಐದಕ್ಕೆ ಸತ್ತಿದೆ. ಫೋನ್ ಸುಮ್ಮನಿದೆ, ಹಾಗಾದರೆ ಮಗು ಚೆನ್ನಾಗಿದೆ ಅಂದುಕೊಂಡು ನೀನು ಆಸ್ಪತ್ರೆಯ ಚಾದರಗಳಿಗೆ ಇಸ್ತ್ರಿ ತಿಕ್ಕುತ್ತಿರುತ್ತೀಯ. ನಾನು ಹೆದರುತ್ತಿರುವುದು ಆ ಸುಮ್ಮನಿರುವ ಫೋನಿಗೆ.

ಹೋದೆಯಾ? ಇಲ್ಲ, ನಿಂತು ಓದುತ್ತಿದ್ದೀಯ. ನಿನ್ನ ಹಟ ನನಗೆ ಗೊತ್ತಿಲ್ಲವೇ. ಸರಿ, ನಡೆಯುತ್ತಾ ಓದು.

ನಾನು ಕೂರುವುದು ಬಾಕಿದಾರರ ಮೇಜಿನಲ್ಲಿ. ಬಡವರ ಮನೆಯ ಲೈನಿಗೆ ಮುಕ್ಕಾಲು ಪಾಲು ಸರ್ಕಾರ ಕೊಡುತ್ತದೆ, ಕಾಲು ಪಾಲು ಮನೆಯವರು. ಆ ಕಾಲು ಬಾರದಿದ್ದರೆ ಮೂರು ತಿಂಗಳವರೆಗೆ ಲೈನನ್ನು ಪೂರ್ತಿ ಕತ್ತರಿಸುವ ಹಾಗಿಲ್ಲ. ಎಳೆಯಷ್ಟು ಬಿಟ್ಟಿರಬೇಕು. ಸಿನಿಮಾ ಓಡದು, ಹಾಡು ಬಾರದು, ಒಂದು ಸಣ್ಣ ಸಂದೇಶ ಮಾತ್ರ ಏದುಸಿರು ಬಿಡುತ್ತಾ ದಾಟುತ್ತದೆ. ನಮ್ಮ ಕಚೇರಿಯ ಪಂಡಿತರು ಆ ಎಳೆಗೆ ಇಟ್ಟ ಹೆಸರು ಉಸಿರು. ಪೂರ್ತಿ ಕತ್ತರಿಸುವುದಕ್ಕೆ ಮಲಗಿಸುವುದು ಅನ್ನುತ್ತಾರೆ. ಈ ಮನೆಗೆ ಉಸಿರು ಬಿಡಿ, ಆ ಮನೆ ಮಲಗಿಸಿ ಎಂದು ದಿನವಿಡೀ ಕೂಗಾಡುತ್ತೇವೆ. ಹೊಸಬರು ಯಾರಾದರೂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರೆ ಪೊಲೀಸರನ್ನೇ ಕರೆದಾರು.

ನಮ್ಮ ಮೇಲಧಿಕಾರಿ ಪ್ರತಿ ಮಾತಿಗೂ ಮುಂಚೆ ಒಂದು ನಿಟ್ಟುಸಿರು ಬಿಡುವುದರಿಂದ ಅವರ ಹೆಸರೇ ನಿಟ್ಟುಸಿರು ಸಾಹೇಬರು. ನಿನ್ನೆ ಅವರು ಬಂದು ಒಂದು ಪಟ್ಟಿ ಇಟ್ಟರು. ಬರೀ ಸಂಖ್ಯೆಗಳು, ಹೆಸರಿಲ್ಲ, ಊರಿಲ್ಲ, ಹನ್ನೊಂದು ಮನೆ. ಮೂರು ತಿಂಗಳ ಗಡುವನ್ನು ಸರ್ಕಾರ ಆರಕ್ಕೇರಿಸಿದೆಯಂತೆ, ಸುತ್ತೋಲೆ ಬಂದಿದೆಯಂತೆ. ಹೊರಡುವಾಗ ತಿರುಗಿ ಹೇಳಿದರು:

"ಈ ಹನ್ನೊಂದು ಮನೆಗೂ ಉಸಿರು ಬಿಡಬೇಡಮ್ಮ."

ಅವರ ಅರ್ಥ, ಗಡುವು ಹೆಚ್ಚಿದ ಸುದ್ದಿಯನ್ನು ಆ ಮನೆಯವರಿಗೆ ಹೇಳಬೇಡ, ಹೆದರಿಕೊಂಡಾದರೂ ಕಟ್ಟಲಿ ಎಂದು. ಏಳು ವರ್ಷ ಈ ಕುರ್ಚಿ ಸವೆಸಿದ ನನಗೆ ಕೇಳಿಸಿದ್ದು, ಎಳೆಯನ್ನೂ ಬಿಡದೆ ಕತ್ತರಿಸು ಎಂದು. ಹನ್ನೊಂದನ್ನೂ ಮಲಗಿಸಿದೆ. ಅದರಲ್ಲಿ ಒಂದು ನಿನ್ನದು ಅಂತ ನನಗೇನು ಗೊತ್ತು ಅಕ್ಕ? ಸಂಖ್ಯೆಗೆ ಮುಖ ಇರುತ್ತದೆಯೇ?

ಇವತ್ತು ಹನ್ನೆರಡೂವರೆಗೆ ಕಡತ ತೆರೆದಾಗ ಹಳೆಯ ಟಿಪ್ಪಣಿಯೊಂದು ಕಂಡಿತು. ಆರು ತಿಂಗಳ ಹಿಂದೆ ಪಕ್ಕದ ಮೇಜಿನವಳು ಬರೆದದ್ದು: ಮನೆಯಲ್ಲಿ ಮಗುವಿಗೆ ಸಕ್ಕರೆ ಕಾಯಿಲೆ, ಮಧ್ಯಾಹ್ನ ಒಂಟಿ, ಯಂತ್ರದ ಕೂಗು ತಾಯಿಯ ಫೋನಿಗೆ, ಏನೇ ಆದರೂ ಉಸಿರು ಬಿಡಿ. ಮೂರು ಸಲ ಓದಿದೆ. ಪುಟ್ಟಿಗೆ ಕಾಯಿಲೆ ಅಂತ ನನಗೆ ತಿಳಿಸಿದ್ದು ಒಂದು ಕಂಪ್ಯೂಟರು. ನಾನು ಕೊನೆಯ ಸಲ ನೋಡಿದಾಗ ಅವಳಿಗೆ ಮುಂದಿನ ಎರಡು ಹಲ್ಲಿರಲಿಲ್ಲ, ಅದೊಂದೇ ಆ ಮನೆಯ ಸಮಸ್ಯೆಯಾಗಿತ್ತು.

ನಿನಗೆ ನನ್ನ ಫೋನಿನಿಂದ ಸಂದೇಶ ಕಳಿಸಿದೆ, ನೋಡಿಲ್ಲ; ಒಂಬತ್ತು ಸಲ ಕರೆ ಮಾಡಿದೆ. ಎತ್ತಲಿಲ್ಲ. ಕಚೇರಿಯ ಫೋನಿನಿಂದ ಆರು ಸಲ. ಕಂಪನಿಯ ನಂಬರು ಕಂಡರೆ ಬಾಕಿ ಕೇಳಲು ಅಂದುಕೊಳ್ಳುತ್ತೀಯ, ಅದನ್ನೂ ಎತ್ತಲಿಲ್ಲ. ಲೈನನ್ನು ಎಬ್ಬಿಸೋಣವೆಂದರೆ, ಸರ್ಕಾರದ ಲೈನು ಒಮ್ಮೆ ಮಲಗಿದರೆ ಮನೆಯವರ ಸಹಿ ಬೇಕು, ಕಂಬ ಹತ್ತುವವನು ಬೇಕು. ಮಲಗಿಸಲು ಒಂದು ಗುಂಡಿ, ಎಬ್ಬಿಸಲು ಮೂರು ದಿನ. ಕುಂಭಕರ್ಣನೂ ಇದಕ್ಕಿಂತ ಸಲೀಸು.

ನಮ್ಮ ಲೈನ್‌ಮ್ಯಾನ್ ಇದ್ದಾನೆ, ಊಟಕ್ಕೂ ಏಣಿ ಹೊತ್ತುಕೊಂಡೇ ಹೋಗುವುದರಿಂದ ಏಣಿಯಣ್ಣ. ಮೂರು ದಿನದ ಕೆಲಸವನ್ನು ಇವತ್ತೇ ಮಾಡಿಕೊಡುತ್ತೇನೆ, ಸಹಿ ಮಾತ್ರ ತರಿಸಿ ಅಂದಿದ್ದಾನೆ. ಈ ಕಾಗದ, ನೀನು ಸಹಿ ಹಾಕಬೇಕಾದ ಅರ್ಜಿ ಎರಡನ್ನೂ ಅವನೇ ಎರಡು ಗಂಟೆಗೆ ನಿಮ್ಮ ಇಸ್ತ್ರಿ ಮನೆಯ ಬಾಗಿಲಿಗೆ ತರುತ್ತಾನೆ. ಅವನ ಮೇಲೆ ಸಿಟ್ಟಾಗಬೇಡ. ಸಿಟ್ಟೆಲ್ಲ ನನಗಿರಲಿ, ನನಗದು ಅಭ್ಯಾಸ.

ಎರಡು ವರ್ಷದ ಹಿಂದೆ ಈ ಲೈನಿಗೆ ನಿನ್ನ ಅರ್ಜಿ ತುಂಬಿದವಳೂ ನಾನೇ. ನಿನ್ನ ಜೊತೆ ಕೆಲಸ ಮಾಡುವವರ ಎದುರು, ಬನ್ನಿ, ಬಿಟ್ಟಿ ಲೈನಿನ ಮಹಾರಾಣಿಯನ್ನು ನೋಡಿ ಅಂದೆ. ಎಲ್ಲರೂ ನಕ್ಕರು. ನೀನೂ ನಕ್ಕೆ. ಮನೆ ತಲುಪಿದ ಮೇಲೆ ನೀನು ಹೇಳಿದ್ದು ಒಂದೇ ಮಾತು: "ನಿನ್ನ ನಾಲಿಗೆಗೆ ಬಾಗಿಲಿಲ್ಲ ಕಣೇ, ನಮ್ಮನೆಗಿದೆ." ಅವತ್ತಿನಿಂದ ಅದು ತೆರೆದಿಲ್ಲ.

ತೆರೆಯದಿದ್ದರೂ ಸರಿ. ಇವತ್ತು ಮಗುವಿನ ಪಕ್ಕದಲ್ಲಿ ಕೂತಿರು. ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡು.

ಹೆದರಿಕೆಯಿಂದ ಅಕ್ಷರ ಸೊಟ್ಟಗಾಗಿರುವ,
ನಿನ್ನ ಬಾಯಿಬಡುಕಿ

ತಾ.ಕ. ಗಂಟೆ ನಾಲ್ಕೂ ಕಾಲು. ಬರೆಯುತ್ತಿರುವುದು ನಿನ್ನ ಮನೆಯ ಚಾಪೆಯ ಮೇಲೆ ಕೂತು.

ಏಣಿಯಣ್ಣ ಎರಡೂ ಮುಕ್ಕಾಲಿಗೆ ಕಾಗದ ವಾಪಸು ತಂದ. ಏಳರವರೆಗೆ ಯಾರನ್ನೂ ಹೊರಗೆ ಕರೆಯುವ ಹಾಗಿಲ್ಲ, ಕಾಗದ ಒಳಗೆ ಹೋಗುವ ಹಾಗೂ ಇಲ್ಲ ಅಂದನಂತೆ ನಿಮ್ಮಲ್ಲಿಯ ಕಾವಲುಗಾರ. ಸಾಹೇಬರಿಗೆ ಹೇಳದೆ ಎದ್ದು ಓಡಿದೆ. ಕದ ತಟ್ಟಿದೆ, ಪುಟ್ಟಿ ಮಾತಾಡಲಿಲ್ಲ. ಒಳಗೆ ಯಂತ್ರ ಕೂಗುವುದು ಮಾತ್ರ ಕೇಳುತ್ತಿತ್ತು. ಕರೆಂಟ್ ಮೀಟರಿನ ಡಬ್ಬಿಯ ಹಿಂದೆ ಕೈ ಹಾಕಿದೆ. ಚಿಕ್ಕಂದಿನಲ್ಲಿ ಅಮ್ಮ ಇಡುತ್ತಿದ್ದ ಜಾಗದಲ್ಲೇ ನೀನೂ ಕೀಲಿ ಇಟ್ಟಿದ್ದೆ.

ಮೈಯೆಲ್ಲ ಬೆವತು ಮಲಗಿದ್ದಳು. ಯಂತ್ರದಲ್ಲಿ ಐವತ್ತೊಂದು, ಎಪ್ಪತ್ತಾದರೂ ಇರಬೇಕಿತ್ತು. ಕರೆದರೆ ಕಣ್ಣು ಬಿಟ್ಟಳು, ನುಂಗಬಲ್ಲಳು ಅಂತ ಖಾತ್ರಿ ಮಾಡಿಕೊಂಡು ಸಕ್ಕರೆ ನೀರು ಕುಡಿಸಿದೆ. ಆ ಹದಿನೈದು ನಿಮಿಷ ನಾನು ಒಂದೂ ತಮಾಷೆ ಮಾಡಲಿಲ್ಲ, ಅದಕ್ಕೆ ಸಾಕ್ಷಿಯಾಗಿ ಯಾರೂ ಇಲ್ಲದ್ದು ದುರದೃಷ್ಟ. ಈಗ ಎಂಬತ್ತೆರಡು. ಗೋಡೆಗೊರಗಿ ಕೂತು ಬಿಸ್ಕತ್ತು ತಿನ್ನುತ್ತಿದ್ದಾಳೆ. ಹಲ್ಲು ಬಂದಿವೆ. ನನ್ನನ್ನೇ ನೋಡಿ ಅಂದಳು: "ನೀವು ಚಿಕ್ಕಮ್ಮ ಅಲ್ವಾ? ನಿಮ್ಮ ಫೋನ್ ಬಂದ್ರೆ ಅಮ್ಮ ಕೈಯಲ್ಲಿ ಹಿಡ್ಕೊಂಡು ನೋಡ್ತಾನೇ ಇರ್ತಾಳೆ, ಎತ್ತಲ್ಲ."

ಅದಕ್ಕೇ ಇನ್ನು ಮುಚ್ಚಿಡಲಾರೆ. ಮೇಲೆ ಹನ್ನೊಂದು ಅಂತ ಬರೆದೆ. ಮಲಗಿಸಿದ್ದು ಒಂದೇ. ಸಾಹೇಬರ ಮಾತು ನನಗೆ ಸರಿಯಾಗಿಯೇ ಅರ್ಥವಾಗಿತ್ತು. ನಿನ್ನ ಸಂಖ್ಯೆಯ ಕೊನೆಯ ನಾಲ್ಕು ಅಂಕೆ ನನಗೆ ಬಾಯಿಪಾಠ, ಪ್ರತಿ ತಿಂಗಳೂ ಪಟ್ಟಿಯಲ್ಲಿ ಮೊದಲು ಹುಡುಕುವುದು ಅದನ್ನೇ. ಲೈನು ಸತ್ತರೆ ನೀನು ದೂರು ಹೇಳಲು ಫೋನ್ ಮಾಡುತ್ತೀಯ, ಅದು ನನ್ನ ಮೇಜಿಗೆ ಬರುತ್ತದೆ, ಬೈಯುವುದಕ್ಕಾದರೂ ನಿನ್ನ ದನಿ ಕೇಳುತ್ತದೆ ಅಂದುಕೊಂಡೆ. ಟಿಪ್ಪಣಿಯನ್ನು ಆಮೇಲೆ ಓದಿದೆ, ಮೊದಲೇ ಓದಬೇಕಿತ್ತು. ಬಾಕಿ ಇರುವವರು ಕಂಪನಿಗೆ ಫೋನ್ ಮಾಡುವುದೇ ಇಲ್ಲ ಎಂಬುದು ಏಳು ವರ್ಷದಿಂದ ಗೊತ್ತಿದ್ದೂ ಹೊಳೆಯಲಿಲ್ಲ.

ಏಣಿಯಣ್ಣ ಕಂಬದ ಮೇಲಿದ್ದಾನೆ. ಸಹಿಯಿಲ್ಲದೆಯೇ ಹತ್ತಿದ, ಅವನ ಕೆಲಸವೂ ನನ್ನದರ ಜೊತೆಗೇ ಹೋಗಬಹುದು. ಲೈನು ಎದ್ದ ಕೂಡಲೇ ನಿನ್ನ ಫೋನಿಗೆ ಈ ಮಧ್ಯಾಹ್ನದ ಕೂಗುಗಳೆಲ್ಲ ಒಟ್ಟಿಗೆ ಬರುತ್ತವೆ. ಎದೆ ಒಡೆದುಕೊಳ್ಳಬೇಡ. ಅದರ ಹಿಂದೆಯೇ ನನ್ನ ನಂಬರೂ ಬರುತ್ತದೆ, ಪುಟ್ಟಿಯೇ ಮಾತಾಡುತ್ತಾಳೆ. ಅದೊಂದನ್ನು ಎತ್ತು ಅಕ್ಕ.