ಅರ್ಧ ಬಾಟಲಿಯಲ್ಲಿ ಹಾರಿಹೋದ ಸತ್ಯ

ಪತ್ರಿಕೆ ಬಿಡಿಸಿ ಕುಳಿತ ಮಹಾಜನರೇ, ಪಕ್ಕದವರ ಹೆಗಲ ಮೇಲಿಂದ ಇಣುಕುತ್ತಿರುವವರೇ, ಒಂದು ಗಳಿಗೆ ಇತ್ತ ಕಿವಿಗೊಡಿ. ಪತ್ರ ಅಧಿಕಾರಿಗಳಿಗೆ, ಸಾಕ್ಷಿ ನೀವು. ಮುಚ್ಚಿದ ಲಕೋಟೆಯ ಮೂರು ಪತ್ರಗಳಿಗೆ ಉತ್ತರ ಬಾರದ್ದರಿಂದ ಈ ನಾಲ್ಕನೆಯದಕ್ಕೆ ಪರದೆ ಸರಿಸಿದ್ದೇನೆ.

ಅಂತರ್ಜಲ ಪರೀಕ್ಷಾ ಕಚೇರಿಯ ಮಾನ್ಯ ಮುಖ್ಯಸ್ಥರೇ, ನಮ್ಮ ಕೊಳವೆಬಾವಿಯಲ್ಲಿ ‘ಸಾವಯವ ಮಾಲಿನ್ಯಕಾರಕಗಳು ಪತ್ತೆಯಾಗಿಲ್ಲ, ಅಪಾಯದ ಪ್ರಮಾಣ ಸೊನ್ನೆ’ ಎಂಬ ತಮ್ಮ ವರದಿ ತಪ್ಪು. ಆ ಸೊನ್ನೆಯನ್ನು ನಂಬಿ ಅದೇ ಬಾವಿಯನ್ನು ಹಂಚಿಕೊಂಡಿರುವ ಪಕ್ಕದ ಮನೆಯ ನನ್ನ ಅಕ್ಕ ದಿನವೂ ಆ ನೀರು ಕುಡಿಯುತ್ತಿದ್ದಾಳೆ. ಮಾದರಿ ತೆಗೆಯಲು ತಮ್ಮ ಸಿಬ್ಬಂದಿ ಬಂದ ದಿನ ನಾನು ಪಂಪಿನ ಪಕ್ಕದಲ್ಲೇ ಇದ್ದೆ. ಅವರು ಬಾಟಲಿಯನ್ನು ಅರ್ಧಕ್ಕೆ ತುಂಬಿಸಿದರು.

“ಸ್ವಾಮಿ, ಅಂಚಿನವರೆಗೂ ತುಂಬಿಸಿ. ಒಳಗೆ ಗಾಳಿ ಉಳಿದ್ರೆ ಅದು ಹಾರಿಹೋಗುತ್ತೆ,” ಎಂದೆ.

“ಯಾವ್ದು ಹಾರಿಹೋಗುತ್ತೆ ಯಜಮಾನ್ರೇ?”

ನಾನು ಪಂಪಿನ ಕಡೆ ತಿರುಗಿದೆ. “ಏನಿಲ್ಲ, ಸುಮ್ನೆ ಹೇಳ್ದೆ.”

“ತುಂಬಿದ್ರೆ ಜೀಪಲ್ಲಿ ಚೆಲ್ಲುತ್ತೆ. ನೀರು ಕುಡಿಯೋದು ನಿಮ್ಮ ಕೆಲಸ, ಪರೀಕ್ಷೆ ನಮಗೆ ಬಿಡಿ.”

ಸಡಿಲ ಮುಚ್ಚಳದ ಆ ಬಾಟಲಿ ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಂತ ಜೀಪಿನಲ್ಲಿ ಬೆಂದಿತು. ಹಿಡಿಯಬೇಕಾದದ್ದು ಹಾರಿಹೋದ ಮೇಲೆ ತಮ್ಮ ಪ್ರಯೋಗಾಲಯ ಏನನ್ನು ಅಳೆಯಿತು? ಕುಡಿಯುವವರಿಗೆ ಎಷ್ಟು ಅಪಾಯವೆಂದು ಅರವತ್ತು ಕೆಜಿಯ ವ್ಯಕ್ತಿ, ದಿನಕ್ಕೆ ಎರಡು ಲೀಟರು, ಎಪ್ಪತ್ತು ವರ್ಷ ಎಂದು ನಾಲ್ಕು ಪುಟ ಲೆಕ್ಕ ಹಾಕಿದ್ದೀರಿ. ಸೊನ್ನೆಯನ್ನು ಯಾವ ಮಹಾನುಭಾವನ ತೂಕದಿಂದ ಭಾಗಿಸಿದರೇನು? ನನ್ನ ಅಕ್ಕ ತೂಗುವುದು ನಲವತ್ತೊಂದು ಕೆಜಿ.

ಹಾರಿಹೋಗುತ್ತದೆಂದು ನನಗೆ ಹೇಗೆ ಗೊತ್ತು? ಕೇಳಿ. ಹತ್ತೊಂಬತ್ತು ವರ್ಷ ನಾನು ಇದೇ ಮನೆಯ ಮುಂಭಾಗದಲ್ಲಿ ಡ್ರೈಕ್ಲೀನಿಂಗ್ ಅಂಗಡಿ ನಡೆಸಿದವನು. ಕೋಟಿನ ಜಿಡ್ಡು, ನಾಟಕದ ರಾಜರ ಬಣ್ಣದ ಬೆವರು, ಎಲ್ಲವನ್ನೂ ತೆಗೆದ ಆ ದ್ರವ ಡಬ್ಬದ ಮುಚ್ಚಳ ಮರೆತರೆ ಸಂಜೆಯೊಳಗೆ ಮಾಯ. ಆದರೆ ಅದೇ ದ್ರವ ಬೆರೆತ, ಯಂತ್ರದ ತಳದ ಕಪ್ಪು ಗಸಿಯನ್ನು ಪ್ರತಿ ಶನಿವಾರ ಹಿತ್ತಲ ಗುಂಡಿಗೆ ಸುರಿದವನೂ ನಾನೇ. ಅದು ಹಾರಲಿಲ್ಲ, ಇಳಿಯಿತು. ನೀರಿಗೆ ಸಿಹಿ ವಾಸನೆ ಬರುತ್ತಿದೆಯೆಂದು ತಮಗೆ ಅರ್ಜಿ ಬರೆದ ಕೈಯೇ ‘ಕಾರಣ ತಿಳಿಯದು’ ಎಂದೂ ಬರೆಯಿತು. ತಾವು ಅರ್ಧ ಬಾಟಲಿ ತುಂಬಿಸಿದಿರಿ, ನಾನು ಅರ್ಧ ಸತ್ಯ ಬರೆದೆ. ಇಬ್ಬರೂ ಸೇರಿ ಒಂದು ಪೂರ್ತಿ ಸುಳ್ಳು ತಯಾರಿಸಿದೆವು.

ತಮ್ಮ ವರದಿಯನ್ನು ಅಕ್ಕ ನೀರಿನ ಕೊಡದ ಮೇಲಿನ ಗೋಡೆಗೆ ಅಂಟಿಸಿದ್ದಾಳೆ. ಕುಡಿಯಬೇಡ ಎಂದರೆ ಅದನ್ನೇ ತೋರಿಸುತ್ತಾಳೆ.

“ಮೊಹರು ಹಾಕಿ ಕೊಟ್ಟಿದಾರೆ ಕಣೋ. ಅಷ್ಟು ಓದಿದೋರಿಗಿಂತ ನೀನು ದೊಡ್ಡೋನಾ? ಸಾವಯವ ಒಂದು ಇಲ್ವಂತೆ, ಅದೇ ಬೇಜಾರು. ಇದ್ದಿದ್ರೆ ಮೈಗೆ ಒಳ್ಳೇದಿತ್ತು.”

ಎರಡು ಸಲ ಪಂಪಿನ ತಂತಿ ಕಿತ್ತೆ. ಎರಡು ಸಲವೂ ರಿಪೇರಿಯವನನ್ನು ಕರೆಸಿ, ನನಗೂ ಒಂದು ಕೊಡ ತುಂಬಿಸಿ ಕಳಿಸಿದಳು. ಕಾರಣ ಹೇಳದೆ ಅವಳನ್ನು ತಡೆಯಲಾರೆ. ಹೇಳಿದರೆ ಅವಳ ಮುಖ ನೋಡಲಾರೆ. ಮನೆ ಮಾರೋಣವೆಂದರೆ ಅದೇ ನೀರನ್ನು ಇನ್ನೊಬ್ಬರ ಲೋಟಕ್ಕೆ ಸುರಿದಂತೆ. ಎತ್ತ ತಿರುಗಿದರೂ ನನ್ನದೇ ಹಿತ್ತಲ ಗೋಡೆ.

ಆದ್ದರಿಂದ ನನ್ನ ಬೇಡಿಕೆ: ಆ ವರದಿಯನ್ನು ಹಿಂಪಡೆಯಿರಿ. ಗಾಳಿಯ ಗುಳ್ಳೆಯೂ ಉಳಿಯದಂತೆ ಬಾಟಲಿ ತುಂಬಿಸಿ, ತಂಪಿನಲ್ಲಿಟ್ಟು ಮತ್ತೆ ಪರೀಕ್ಷಿಸಿ. ಅಲ್ಲಿಯವರೆಗೆ ಈ ಬೀದಿಗೆ ಬೇರೆ ನೀರು ಕೊಡಿ. ನನ್ನ ಮೇಲೆ ಕ್ರಮ ಕೈಗೊಳ್ಳಲು ಇನ್ನು ಯಾವ ತನಿಖೆಯೂ ಬೇಕಿಲ್ಲ, ಈ ಪತ್ರ ಸಾಕು.

ಅಕ್ಕನ ಕಣ್ಣಿಗೆ ಪತ್ರಿಕೆಯ ಸಣ್ಣ ಅಕ್ಷರ ಹತ್ತುವುದಿಲ್ಲ. ಇದು ಅಚ್ಚಾದ ದಿನ ಬೆಳಿಗ್ಗೆ, ಅವಳು ಕೊಡ ಹಿಡಿದು ಪಂಪಿನ ಬಳಿ ಬರುವ ಮೊದಲೇ, ಅವಳ ಬಾಗಿಲಲ್ಲಿ ನಿಂತು ಇದನ್ನು ಗಟ್ಟಿಯಾಗಿ ಓದುತ್ತೇನೆ. ಹಿತ್ತಲ ಗುಂಡಿಯ ಮಾತು ಬಂದಾಗ ದನಿ ತಗ್ಗಿಸುವುದಿಲ್ಲ.

ಇಂತಿ,
ಊರಿನ ಬಟ್ಟೆಯ ಕಲೆಯನ್ನೆಲ್ಲ ತೆಗೆದು ಅಕ್ಕನ ಬಾವಿಗೆ ಬಿಟ್ಟವನು