ಕೆಂಪು ಸಾಲು

ಡುಲೂತ್, ಅಕ್ಟೋಬರ್ ೯

ಮಾನ್ಯ ಮ್ಯಾರೆನ್ ಅವರಿಗೆ,

ನಮ್ಮ ಇಮೇಲ್ ತಂತ್ರಾಂಶದ ಉಸ್ತುವಾರಿ ಈಗ ನಿಮ್ಮದೆಂದು ತಿಳಿದು ಸಂತೋಷವಾಯಿತು. ಚಿತ್ರಗಳಿಲ್ಲದ, ಬರೀ ಅಕ್ಷರಗಳ ಈ ತಂತ್ರಾಂಶವನ್ನು ಬಳಸುವವರೇ ಸೇರಿ ರಿಪೇರಿ ಮಾಡುತ್ತ ಬಂದಿದ್ದೇವೆ. ಬೆಳಿಗ್ಗೆ ಕಾಫಿ ಹಿಡಿದು ಕೂತರೆ ಕಂಪ್ಯೂಟರು ಎಲ್ಲರ ಪತ್ರಗಳನ್ನೂ ಒಂದೇ ದನಿಯಲ್ಲಿ ನನಗೆ ಓದಿ ಹೇಳುತ್ತದೆ. ಆದರೂ ಸರೋವರದ ಮಂಜಿನೊಳಗಿಂದ ಒಬ್ಬೊಬ್ಬರೇ ದೋಣಿಯಲ್ಲಿ ಬಂದು ಇಳಿದಂತಾಗುತ್ತದೆ. ವಿನಿಪೆಗ್‌ನ ಓರಿನ್ ಮಾತು ಶುರುವಾದರೆ ಹಿಮ ತುಳಿಯುವ ಸದ್ದೂ ಕೇಳಿಸುತ್ತದೆ. “ಮುಖ ಕಂಡಿಲ್ಲ, ಮೂತಿ ಕಂಡಿಲ್ಲ, ಅದೇನ್ ಹರಟೆ ರೀ ನಿಮ್ದು!” ಎಂದು ಹೆಂಡತಿ ಲೆಂಪಿ ಛೇಡಿಸುತ್ತಾಳೆ.

ಹೊಸ ಪತ್ರದ ಮುಂದೆ ಇರುತ್ತಿದ್ದ ‘ಹೊಸದು’ ಎಂಬ ಪದ ತೆಗೆದು, ನೀವು ಆ ಸಾಲಿಗೆ ಕೆಂಪು ಬಣ್ಣ ಕೊಟ್ಟಿದ್ದೀರಿ. ಓದುವ ದನಿ ಪದ ಹೇಳುತ್ತದೆ, ಬಣ್ಣ ಹೇಳುವುದಿಲ್ಲ; ಅಂದಿನಿಂದ ಹೊಸದಾಗಿ ಯಾರು ಬಂದರೋ ನನಗೆ ತಿಳಿಯುತ್ತಿಲ್ಲ. ಪದವನ್ನು ಮರಳಿ ತರುವ ತಿದ್ದುಪಡಿ ಬರೆದು ಜೊತೆಗಿಟ್ಟಿದ್ದೇನೆ. ಕೆಂಪೂ ಇರಲಿ.

ಮೊನ್ನೆ ನಾನು ದೂರಿದಾಗ, ಪರದೆಯ ಚಿತ್ರ ತೆಗೆದು ಕಳಿಸಿ ಎಂದಿರಿ. ಕ್ಷಮಿಸಿ, ನಮ್ಮಲ್ಲಿ ಕಂಪ್ಯೂಟರಿನ ಪರದೆ ತೆಗೆದಿಟ್ಟು ಹನ್ನೊಂದು ವರ್ಷವಾಯಿತು. ಆ ಜಾಗದಲ್ಲಿ ಲೆಂಪಿ ಜೆರೇನಿಯಂ ಕುಂಡ ಇಟ್ಟಿದ್ದಾಳೆ.

ಈ ವಾರ ಹೂ ಬಿಟ್ಟಿದೆಯಂತೆ. ಅದೂ ಕೆಂಪಂತೆ.

ನಿಮ್ಮ ಉತ್ತರಕ್ಕೆ ಕಿವಿಗೊಟ್ಟು ಕೂತಿರುವ,
ಆರ್ವೊ ನೀಮಿ